ಮೇಷ್ಟ್ರ ಮನೆಯ ತಣ್ಣನೆ ಮುದ್ದೆ

ಶಿಷ್ಯ ಕೇಳಿದ: "ಗುರುಗಳೇ, ಏನನ್ನೂ ಸಾಧಿಸದೆ ಸತ್ತವನ ಬಗ್ಗೆ ಸಭೆಯಲ್ಲಿ ಏನು ಹೇಳಬೇಕು?"

ಯಾರು ಸತ್ತರು ಎಂದು ಗುರುಗಳು ಕೇಳಿದರು.

ತನ್ನ ಬೀದಿಯ ಚಿಕ್ಕರಂಗಯ್ಯ ಮೇಷ್ಟ್ರು ಎಂದು ಶಿಷ್ಯ ಹೇಳಿದ. ಎಲ್ಲೋ ಹಳ್ಳಿಗಳಲ್ಲಿ ಪಾಠ ಮಾಡಿದರು, ನಿವೃತ್ತರಾದರು, ಮನೆಯಲ್ಲಿ ಕೂತರು, ಸತ್ತರು. ಒಂದು ದಿನವೂ ಮೆರವಣಿಗೆಗೆ ಬಂದವರಲ್ಲ. ಒಂದು ಕರಪತ್ರ ಹಂಚಿದವರಲ್ಲ. ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಷ್ಟೇ ಅವರ ಲೋಕ. ಸಂಜೆ ಅವರ ನೆನಪಿನ ಸಭೆ ಇದೆ. ಬೀದಿಯವರು ಮಾತನಾಡಲು ತನ್ನನ್ನೇ ಕರೆದಿದ್ದಾರೆ. ಸುಳ್ಳು ಹೊಗಳಲು ಮನಸ್ಸಿಲ್ಲ. ನಿಜ ಹೇಳಿದರೆ ಸತ್ತವರ ಮನೆಯವರಿಗೆ ನೋವು.

"ಸಂಸಾರವನ್ನೇ ಅಪ್ಪಿಕೊಂಡು ಕೂತವನು ಸಮಾಜಕ್ಕೆ ಏನು ಕೊಟ್ಟಾನು?" ಎಂದು ಶಿಷ್ಯ ಮುಂದುವರಿಸಿದ. "ನನ್ನನ್ನೇ ನೋಡಿ. ಬೆಳಿಗ್ಗೆ ಮನೆ ಬಿಟ್ಟವನು. ಊಟದ ಹೊತ್ತು ಯಾವಾಗಲೋ ಮೀರಿತು. ಮನೆಯಲ್ಲಿ ಹೆಂಡತಿ ಬಡಿಸಲು ಕಾಯುತ್ತಿರುತ್ತಾಳೆ. ಕಾಯಲಿ, ಅವಳಿಗೂ ಅಭ್ಯಾಸವಾಗಿದೆ. ದೊಡ್ಡ ಕೆಲಸಕ್ಕೆ ಇಳಿದ ಮೇಲೆ ಮನೆಯ ಹಂಗು ಬಿಡಲೇಬೇಕಲ್ಲವೇ?"

ಗುರುಗಳು ಅವನನ್ನು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಶಾಲೆಗೆ ಬೇರೊಬ್ಬ ಮೇಷ್ಟ್ರು ಬಂದರು. ಅವರಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಹೊಸದಾಗಿ ಮದುವೆಯಾಗಿತ್ತು.

ಆ ಕಾಲದಲ್ಲಿ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರು. ಮಧ್ಯಾಹ್ನ ಜಗಲಿಯ ಮೇಲೆ ಸಾಲಾಗಿ ಕೂರುತ್ತಿದ್ದರು. ಮೇಷ್ಟ್ರು ತಮ್ಮ ಬುತ್ತಿ ಬಿಚ್ಚಿ ಮೊದಲ ತುತ್ತು ಎತ್ತಿದ ಮೇಲೆ ಮಕ್ಕಳು ಎತ್ತಬೇಕು. ಅದು ಆ ಊರಿನ ಮರ್ಯಾದೆ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಹಿಂದೆ ಇದ್ದ ಮೇಷ್ಟ್ರುಗಳಿಗೆ ಅದು ಹಿತವಾಗಿತ್ತು.

ಹೊಸ ಮೇಷ್ಟ್ರು ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಎಲ್ಲರೂ ಕೂತರಾ?" ಎಂದು ಕೇಳಿದರು.

ಕೂತೆವು ಎಂದು ಮಕ್ಕಳು ಕೂಗಿದರು.

ಮೇಷ್ಟ್ರು ಸಾಲನ್ನು ನೋಡಿದರು. ಬೆಳಿಗ್ಗೆ ಪಾಠಕ್ಕೆ ಇದ್ದ ಕೆಲವು ಮುಖಗಳು ಸಾಲಿನಲ್ಲಿ ಇರಲಿಲ್ಲ. ಅವರು ಕೇರಿಯ ಮಕ್ಕಳು. ಊಟಕ್ಕೆ ಗಂಟೆ ಹೊಡೆದ ಕೂಡಲೇ ಅವರು ಶಾಲೆಯ ಗೋಡೆಯ ಹಿಂದಕ್ಕೆ ಹೋಗುತ್ತಿದ್ದರು. ಕೆಲವರ ಹತ್ತಿರ ಬುತ್ತಿ ಇತ್ತು, ಆದರೆ ಅದನ್ನು ಸಾಲಿನಲ್ಲಿ ಬಿಚ್ಚುವ ಹಾಗಿರಲಿಲ್ಲ. ಕೆಲವರ ಹತ್ತಿರ ಬುತ್ತಿಯೇ ಇರಲಿಲ್ಲ. ಅವರು ಹಳ್ಳದಲ್ಲಿ ನೀರು ಕುಡಿದು, ಉಂಡವರ ಹಾಗೆ ಬಾಯಿ ಒರೆಸಿಕೊಂಡು ಬರುತ್ತಿದ್ದರು.

ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಸುಮ್ಮನೆ ಕೂತರು. ಊಟದ ಹೊತ್ತು ಮುಗಿಯಿತು. ಮತ್ತೆ ಗಂಟೆ ಹೊಡೆದು ಪಾಠಕ್ಕೆ ಎದ್ದರು. ಮಕ್ಕಳು ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದರು.

ಮರುದಿನವೂ ಹಾಗೆಯೇ ಆಯಿತು.

ಊರಿನ ಸಾಹುಕಾರ ಶಾಲೆಗೆ ಬಂದು ಗದರಿದ. ನಮ್ಮ ಮಕ್ಕಳನ್ನು ಉಪವಾಸ ಕೆಡವಲು ಸರ್ಕಾರ ನಿನಗೆ ಸಂಬಳ ಕೊಡುತ್ತದೆಯೇ ಎಂದು ಕೇಳಿದ.

"ನಾನು ಯಾರಿಗೂ ಉಣ್ಣಬೇಡಿ ಎಂದಿಲ್ಲ ಸ್ವಾಮಿ," ಎಂದರು ಮೇಷ್ಟ್ರು. "ಎಲ್ಲರೂ ಕೂರಲಿ ಎಂದು ಕಾಯುತ್ತಿದ್ದೇನೆ."

ಸಾಹುಕಾರ ಮಕ್ಕಳ ಕಡೆ ತಿರುಗಿ, ಇವನಿಗೇನು ಕಾಯುತ್ತೀರಿ, ಉಣ್ಣಿ ಎಂದು ಅಪ್ಪಣೆ ಮಾಡಿದ. ಮಕ್ಕಳು ಮೇಷ್ಟ್ರ ತೊಡೆಯ ಮೇಲಿದ್ದ ಡಬ್ಬಿಯನ್ನು ನೋಡಿದರು. ಒಬ್ಬರೂ ಕೈ ಹಾಕಲಿಲ್ಲ. ಸಾಹುಕಾರ ಕಲಿಸಿದ ಮರ್ಯಾದೆಯೇ ಸಾಹುಕಾರನ ಮಾತನ್ನು ಕೇಳಲಿಲ್ಲ.

ಅವನು ಹೋದ ಮೇಲೆ ಅವನ ಮಗಳೇ ಎದ್ದಳು. ಅವಳಿಗೆ ನ್ಯಾಯ ಅನ್ಯಾಯ ಗೊತ್ತಿರಲಿಲ್ಲ. ಹೊಟ್ಟೆ ಹಸಿದಿತ್ತು, ಅಷ್ಟೇ. ಗೋಡೆಯ ಹಿಂದೆ ಹೋಗಿ, "ಬನ್ರೋ, ನಿಮ್ಮಿಂದ ನಾವೂ ಸಾಯ್ತಾ ಇದ್ದೀವಿ" ಎಂದು ಬೈದು ಎಲ್ಲರನ್ನೂ ಕರೆತಂದಳು. ಅವರು ಸಾಲಿನ ತುದಿಯಲ್ಲಿ ಮುದುರಿ ಕೂತರು. ಮೇಷ್ಟ್ರು ಮುಚ್ಚಳ ತೆಗೆದರು. ತಮ್ಮ ಮುದ್ದೆಯನ್ನು ಮುರಿದು ಬುತ್ತಿ ಇಲ್ಲದವರ ಕೈಗೆ ಇಟ್ಟರು. ಅದನ್ನು ನೋಡಿ ಉಳಿದ ಮಕ್ಕಳೂ ಮುರಿದರು.

ಮನುಷ್ಯರೆಲ್ಲ ಒಂದೇ ಎಂದು ಮೇಷ್ಟ್ರು ಅಂದು ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ. ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಹೇಳಿ, ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ.

ಈ ಅಭ್ಯಾಸ ಮೇಷ್ಟ್ರಿಗೆ ಶಾಲೆಯಲ್ಲಿ ಹುಟ್ಟಿದ್ದಲ್ಲ. ಮನೆಯಲ್ಲಿ ಹುಟ್ಟಿದ್ದು.

ಅವರ ಮನೆಯಲ್ಲೂ ಎಲ್ಲ ಮನೆಗಳ ಕಟ್ಟಳೆಯೇ ಇತ್ತು. ಮೊದಲು ಗಂಡಸರು. ಆಮೇಲೆ ಮಕ್ಕಳು. ಆಮೇಲೆ ಅತ್ತೆ. ಎಲ್ಲರದೂ ಮುಗಿದ ಮೇಲೆ ಸೊಸೆ ಮಡಕೆಯ ತಳ ಕೆರೆದು ಉಣ್ಣಬೇಕು, ಅದೂ ಗಂಡ ಉಂಡು ಬಿಟ್ಟ ತಟ್ಟೆಯಲ್ಲಿ. ಇಂಥವಳನ್ನು ಪತಿವ್ರತೆ ಎಂದು ಹೊಗಳುತ್ತಾರೆ. ಹೊಗಳುವವರ ಹೊಟ್ಟೆ ಆಗಲೇ ತುಂಬಿರುತ್ತದೆ.

ಮದುವೆಯಾದ ಹೊಸದರಲ್ಲಿ ತಾಯಿ ಬಡಿಸಿದಾಗ ಮೇಷ್ಟ್ರು ತಟ್ಟೆಗೆ ಕೈ ಹಾಕಲಿಲ್ಲ. ಎಲ್ಲರೂ ಕೂತರಾ ಎಂದು ಕೇಳಿದರು.

"ಕೂತಿದ್ದಾರಲ್ಲಪ್ಪ. ಉಣ್ಣು, ಮುದ್ದೆ ಆರುತ್ತೆ," ಎಂದಳು ತಾಯಿ.

"ಅವಳು?"

"ಅವಳು ಆಮೇಲೆ ಕೂರ್ತಾಳೆ. ಅವಳೇನು ನೆಂಟಳಾ?"

ಮುದ್ದೆ ಆರಿತು. ಸೊಸೆಯ ಕೈಯ ಅರಿಶಿನ ಇನ್ನೂ ಮಾಸಿಲ್ಲ, ಮಗ ಆಗಲೇ ಅವಳ ಸೆರಗಿಗೆ ಗಂಟು ಬಿದ್ದ ಎಂದು ತಾಯಿ ಗೋಳಾಡಿದಳು. ಹೆಂಡತಿ ಬಾಗಿಲ ಮರೆಯಿಂದ ಕೈ ಮುಗಿದಳು, ಉಂಡುಬಿಡಿ ಎಂದು. ಮೇಷ್ಟ್ರು ಅಲುಗಲಿಲ್ಲ. ಕೊನೆಗೆ ತಾಯಿಯೇ ಸೋತು ಸೊಸೆಯನ್ನು ಕೂರಿಸಿದಳು. ಆದರೂ ಅವರು ಉಣ್ಣಲಿಲ್ಲ. ಈಗ ತಾಯಿ ನಿಂತಿದ್ದಳು. ಎಲ್ಲರೂ ಕೂತರೆ ಬಡಿಸುವವರು ಯಾರು ಎಂದು ತಾಯಿ ಕೇಳಿದಳು. ಮೇಷ್ಟ್ರು ಎದ್ದು ಹೋಗಿ ಸಾರಿನ ಮಡಕೆಯನ್ನು ತಂದು ಎಲ್ಲರ ನಡುವೆ ಇಟ್ಟರು.

ಆ ಮುದುಕಿ ತನ್ನ ಜನ್ಮದಲ್ಲಿ ಮೊದಲ ಸಲ ಮಗನ ಪಕ್ಕದಲ್ಲಿ ಕೂತು ಉಂಡಳು. ಉಣ್ಣುತ್ತ ಬೈಯುತ್ತಲೇ ಇದ್ದಳು. ಬೈಯುತ್ತಲೇ ಎರಡನೆಯ ಸಲ ಬಡಿಸಿಕೊಂಡಳು.

ಅಂದಿನಿಂದ ಆ ಮನೆಯಲ್ಲಿ ಮಡಕೆ ನಡುವೆ ಬಂತು. ಆದರೆ ಎಲ್ಲರೂ ಕೂರುವ ತನಕ ಮುದ್ದೆ ಬಿಸಿಯಾಗಿ ಉಳಿಯುವುದಿಲ್ಲ. ಒಂದು ಮಗು ಬೀದಿಯಲ್ಲಿರುತ್ತದೆ, ಇನ್ನೊಂದು ಹಟ ಮಾಡುತ್ತದೆ. ಊರಿನವರಿಗೆ ನಗೆಯಾಯಿತು. ಮೇಷ್ಟ್ರ ಮನೆಗೆ ಊಟಕ್ಕೆ ಹೋಗುವವರು ಮುದ್ದೆ ಒಡೆಯಲು ಕೊಡಲಿ ಒಯ್ಯಬೇಕು ಎನ್ನುತ್ತಿದ್ದರು. ಹೆಂಡತಿಯೂ ಬಿಡಲಿಲ್ಲ. ನಿಮ್ಮನ್ನು ಕಟ್ಟಿಕೊಂಡು ಬಿಸಿ ಮುದ್ದೆಯ ರುಚಿಯೇ ಮರೆತೆ ಎಂದು ಛೇಡಿಸುತ್ತಿದ್ದಳು. ಎಲ್ಲರಿಗೂ ಸಮನಾಗಿ ತಣ್ಣಗಿದೆಯಲ್ಲ ಎಂದು ಮೇಷ್ಟ್ರು ನಗುತ್ತಿದ್ದರು.

ಸಾಹುಕಾರ ಸುಮ್ಮನಿರಲಿಲ್ಲ. ಮೇಲಿನವರನ್ನು ಹಿಡಿದ. ಮೇಷ್ಟ್ರನ್ನು ಬೇರೆ ಊರಿಗೆ ಹಾಕಿದರು. ಆ ಊರಿನಲ್ಲೂ ಅವರು ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಎಲ್ಲರೂ ಕೂತರಾ ಎಂದು ಕೇಳಿದರು. ಅಲ್ಲಿಂದಲೂ ಎತ್ತಿ ಮತ್ತೊಂದು ಊರಿಗೆ ಹಾಕಿದರು. ಕೆಲವು ಊರುಗಳಲ್ಲಿ ಮಕ್ಕಳು ಬೇಗ ಎದ್ದು ಹೋಗಿ ಕರೆತಂದರು. ಕೆಲವು ಊರುಗಳಲ್ಲಿ ಯಾರೂ ಏಳಲೇ ಇಲ್ಲ. ಮಕ್ಕಳು ಮನೆಗೆ ಓಡಿಹೋಗಿ ಉಂಡು ಬಂದರು. ಅಲ್ಲಿ ಮೇಷ್ಟ್ರು ಗೋಡೆಯ ಹಿಂದೆ ಹೋಗಿ ಕೇರಿಯ ಮಕ್ಕಳ ಜೊತೆ ಕೂತು ಉಂಡರು. ಅವರು ಗೆದ್ದ ಕತೆ ಮಾತ್ರ ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ.

ಬೇರೆಯವರು ವರ್ಗವಾದರೆ ಹೆಂಡತಿ ಮಕ್ಕಳನ್ನು ಸ್ವಂತ ಊರಿನಲ್ಲಿ ಬಿಟ್ಟು ಹೋಗುತ್ತಿದ್ದರು. ಈ ಮೇಷ್ಟ್ರು ಎಲ್ಲಿಗೆ ಹೋದರೂ ಸಂಸಾರವನ್ನು ಗಾಡಿಯಲ್ಲಿ ಹೇರಿಕೊಂಡು ಹೋದರು. ಪ್ರತಿ ಊರಿನಲ್ಲೂ ಹೆಂಡತಿ ಹೊಸ ಒಲೆ ಹಾಕಬೇಕು. ಒಮ್ಮೆ ಕೂಸು ಎದೆಯ ಮೇಲಿತ್ತು, ಅತ್ತೆಗೆ ಕಾಯಿಲೆ, ಮತ್ತೆ ಗಾಡಿ ಬಾಗಿಲಿಗೆ ಬಂತು. ಆಕೆಗೆ ತಡೆಯಲಾಗಲಿಲ್ಲ. ಯಾರದೋ ಮಕ್ಕಳ ಮಧ್ಯಾಹ್ನದ ಊಟಕ್ಕಾಗಿ ನಮ್ಮ ಮಕ್ಕಳು ಊರೂರು ಅಲೆಯಬೇಕೇ ಎಂದು ಕೇಳಿದಳು.

ಮೇಷ್ಟ್ರು ಹಗ್ಗ ಬಿಗಿಯುವುದನ್ನು ನಿಲ್ಲಿಸಿದರು. ನೆಲದ ಮೇಲೆ ಕೂತರು.

"ನೀನು ಬೇಡ ಅಂದರೆ ನಾಳೆಯಿಂದ ಗಂಟೆ ಹೊಡೆದ ತಕ್ಷಣ ಉಂಡುಬಿಡುತ್ತೇನೆ," ಎಂದರು. "ನಿನ್ನ ಹೊಟ್ಟೆ ಉರಿಸಿ ಊರು ಉದ್ಧಾರ ಮಾಡುವುದು ನನ್ನಿಂದ ಆಗುವುದಿಲ್ಲ. ಯೋಚಿಸಿ ಹೇಳು."

ಆಕೆ ಯೋಚಿಸಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ಆ ಬುತ್ತಿ ಕಟ್ಟುವವಳು ನಾನು," ಎಂದಳು. "ಹಸಿದ ಮಕ್ಕಳ ಎದುರಿಗೆ ನೀವು ಅದನ್ನು ಒಬ್ಬರೇ ತಿಂದು ಬಂದರೆ ನಾಚಿಕೆ ನನ್ನದು. ಹಗ್ಗ ಬಿಗೀರಿ."

ಹೊಸ ಊರಿನಲ್ಲಿ ಆಕೆ ದೊಡ್ಡ ಡಬ್ಬಿ ತರಿಸಿದಳು. ಅದರಲ್ಲಿ ಒಂದು ಮುದ್ದೆ ಹೆಚ್ಚಾಗಿ ಇಟ್ಟಳು. ಆಮೇಲೆ ಕೊನೆಯ ತನಕ ಹಾಗೇ ಇಟ್ಟಳು.

ಮೇಷ್ಟ್ರು ಗಂಡಸರು ಮಾಡದ ಕೆಲಸಗಳನ್ನು ಮಾಡಿದರು. ಹೆಂಡತಿ ಬಾಣಂತಿಯಾದಾಗ ಬಾವಿಯಿಂದ ನೀರು ಹೊತ್ತರು. ದಾರಿಯಲ್ಲಿ ಕೂತವರು, ಮೇಷ್ಟ್ರೇ, ನಾಳೆ ಬಟ್ಟೆಯನ್ನೂ ಒಗೀತೀರಾ ಎಂದು ಕೆಣಕಿದರು. ನಾಳೆ ಅಲ್ಲ, ಬೆಳಿಗ್ಗೆಯೇ ಒಗೆದು ಒಣಹಾಕಿ ಬಂದೆ ಎಂದು ಅವರು ಕೊಡ ಇಳಿಸದೆ ಹೇಳಿ ಹೋದರು. ಮಗಳು ಓದು ಸಾಕು ಎಂದು ಅತ್ತಾಗ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ತುಳಿದರು. ತಾಯಿ ಹಾಸಿಗೆ ಹಿಡಿದಾಗ ಮಲ ಮೂತ್ರ ಬಳಿದರು. ಮೆರವಣಿಗೆಗೆ ಅವರೂ ಬರಲಿಲ್ಲ. ಅವರಿಗೆ ಬಿಡುವಿರಲಿಲ್ಲ.

ನಿವೃತ್ತಿಯ ದಿನ ಒಂದು ಶಾಲು ಹೊದಿಸಿದರು. ಭಾಷಣ ಮಾಡಿದ ಅಧಿಕಾರಿ ಅವರ ಹೆಸರನ್ನು ಪಕ್ಕದವರನ್ನು ಕೇಳಿ ಹೇಳಿದ. ಮೇಷ್ಟ್ರು ಶಾಲನ್ನು ಮಡಚಿ ಮನೆಗೆ ತಂದು ಹೆಂಡತಿಗೆ ಹೊದಿಸಿದರು. ಆಮೇಲೆ ಬಹಳ ವರ್ಷ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿದರು, ಮೊಮ್ಮಗಳಿಗೆ ಜಡೆ ಹೆಣೆದರು, ಹೆಂಡತಿಯ ನೋಯುವ ಮೊಣಕಾಲಿಗೆ ಎಣ್ಣೆ ಹಚ್ಚಿದರು. ಒಂದು ದಿನ ಸತ್ತರು.

ಇಷ್ಟೇ ಆಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ.

ಅವರ ದೊಡ್ಡ ಮಗ ವಕೀಲ. ಊರಿಗೆಲ್ಲ ನ್ಯಾಯ ಹೇಳುವವನು. ಅಪ್ಪನ ತಿಥಿಯನ್ನು ಚೆನ್ನಾಗಿ ಮಾಡಬೇಕು ಎಂದು ಅವನಿಗೆ ಆಸೆ. ಕ್ರಮ ಗೊತ್ತಿರಲಿಲ್ಲ. ಕುಲದ ಹಿರಿಯನೊಬ್ಬನನ್ನು ಕರೆದು ನೀವು ಹೇಳಿದ ಹಾಗೆ ನಡೆಯಲಿ ಎಂದ.

ಹಿರಿಯ ಹೇಳಿದ ಹಾಗೆ ನಡೆಯಿತು. ಗಂಡ ಸತ್ತವಳು ಪಂಕ್ತಿಯಲ್ಲಿ ಕಾಣಿಸಿಕೊಳ್ಳಬಾರದು ಎಂದು ಮೇಷ್ಟ್ರ ಹೆಂಡತಿಯನ್ನು ಒಳಮನೆಯ ಮೂಲೆಯಲ್ಲಿ ಕೂರಿಸಿದರು. ಎಲ್ಲರೂ ಉಂಡ ಮೇಲೆ ಆಕೆಗೆ ಊಟ. ಹೊರಗೆ ಮೇಷ್ಟ್ರ ಹಳೆಯ ಶಿಷ್ಯರು ಬಂದಿದ್ದರು. ಅವರು ಪಾಠ ಮಾಡಿದ ಊರುಗಳಿಂದ, ಹೇಳಿ ಕಳಿಸದೆಯೇ ಬಂದಿದ್ದರು. ಅವರಲ್ಲಿ ಊರಿನವರನ್ನು ಅಂಗಳಕ್ಕೆ ಬಿಟ್ಟರು. ಕೇರಿಯವರನ್ನು ಗೇಟಿನ ಆಚೆ, ಬೇಲಿಯ ಹೊರಗೆ ನಿಲ್ಲಿಸಿದರು. ಕೊನೆಗೆ ಅಲ್ಲಿಗೇ ಊಟ ಕಳಿಸುತ್ತೇವೆ ಎಂದರು. ಅವರಲ್ಲಿ ತಲೆ ನರೆತವರಿದ್ದರು. ಮೊಮ್ಮಕ್ಕಳನ್ನು ಕಂಡವರಿದ್ದರು. ಯಾರೂ ಜಗಳ ಮಾಡಲಿಲ್ಲ. ಸತ್ತವರ ಮನೆಯ ಮುಂದೆ ಗಲಾಟೆ ಬೇಡ ಎಂದು ನಿಂತರು.

ಮಗ ಇದನ್ನೆಲ್ಲ ನೋಡಿದ. ಒಂದು ದಿನ ತಾನೇ ಎಂದುಕೊಂಡ. ಈ ದೇಶದಲ್ಲಿ ಒಂದು ದಿನ ತಾನೇ ಎಂದುಕೊಂಡೇ ನಾವು ಸಾವಿರ ವರ್ಷ ಕಳೆದಿದ್ದೇವೆ.

ಅವರ ಕಡೆ ಒಂದು ಪದ್ಧತಿ ಇದೆ. ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಮಾಳಿಗೆಯ ಅಂಚಿನಲ್ಲಿ ಎಡೆ ಇಡುತ್ತಾರೆ. ಕಾಗೆ ಬಂದು ಮುಟ್ಟಬೇಕು. ಮುಟ್ಟುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ, ಮನೆಯವರು ಅದನ್ನು ನಡೆಸಿಲ್ಲ ಎಂದು ಅರ್ಥ.

ಎಡೆ ಇಟ್ಟರು. ಮುದ್ದೆ, ಅವರೆಕಾಳಿನ ಸಾರು, ವಡೆ, ಪಾಯಸ. ಹೊಂಗೆಯ ಮರದಲ್ಲಿ ಕಾಗೆಗಳಿದ್ದವು. ಅವು ನೋಡಿದವು. ಇಳಿಯಲಿಲ್ಲ.

ಗಂಡಸರು ಮಾಳಿಗೆ ಹತ್ತಿ ಕಾ ಕಾ ಎಂದು ಕೂಗಿದರು. ಕೈ ಮುಗಿದು ಅಪ್ಪನಿಗೆ ಮಾತು ಕೊಡು ಎಂದು ಕುಲದ ಹಿರಿಯ ಮೇಷ್ಟ್ರ ಮಗನಿಗೆ ಹೇಳಿದ. ಮಗ ಕೈ ಮುಗಿದು, ಅಪ್ಪ, ಅಮ್ಮನನ್ನು ನನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದ. ಕಾಗೆ ಬರಲಿಲ್ಲ. ತಂಗಿಗೆ ಮನೆಯಲ್ಲಿ ಪಾಲು ಕೊಡುತ್ತೇನೆ ಎಂದ. ಬರಲಿಲ್ಲ. ನಿಮ್ಮ ಹೆಸರಿನಲ್ಲಿ ಶಾಲೆಗೆ ಕಮಾನು ಕಟ್ಟಿಸುತ್ತೇನೆ ಎಂದ. ಒಂದು ಕಾಗೆ ಹಾರಿ ಇನ್ನೂ ದೂರದ ಕೊಂಬೆಗೆ ಹೋಯಿತು. ಪಕ್ಕದ ಮನೆಯವನಿಗೆ ಭಯವಾಯಿತು. ಎಂದೋ ಒಯ್ದಿದ್ದ ಮೇಷ್ಟ್ರ ಗುದ್ದಲಿಯನ್ನು ಓಡಿಹೋಗಿ ತಂದು ಎಡೆಯ ಪಕ್ಕದಲ್ಲಿ ಇಟ್ಟು ಗಲ್ಲ ಬಡಿದುಕೊಂಡ. ಕಾಗೆಗೆ ಗುದ್ದಲಿಯೂ ಬೇಕಿರಲಿಲ್ಲ.

ಬಿಸಿಲು ಏರಿತು. ಎಲೆಗಳ ಮುಂದೆ ಕೂತವರ ಹೊಟ್ಟೆ ಹಸಿಯಿತು. ಹಸಿದ ಜನ ತಪ್ಪಿತಸ್ಥರನ್ನು ಹುಡುಕುತ್ತಾರೆ. ಅದಕ್ಕೆ ಎಲ್ಲರಿಗಿಂತ ಸುಲಭವಾಗಿ ಸಿಗುವವಳು ಮೂಲೆಯಲ್ಲಿ ಕೂತ ಹೆಂಗಸು.

ಹಿರಿಯ ಒಳಮನೆಯ ಕಡೆ ಮುಖ ಮಾಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಬದುಕಿದ್ದಾಗ ಗಂಡನಿಗೆ ಒಂದು ಬಿಸಿ ತುತ್ತು ಹಾಕಿದವಳಲ್ಲ. ಊರಿಗೇ ಗೊತ್ತಿರುವ ಮಾತು. ಸತ್ತ ಮೇಲೆ ಅವನು ಯಾವ ಸುಖಕ್ಕೆ ಈ ಮನೆಗೆ ಬಂದಾನು?"

ಕಾಗೆ ಮುಟ್ಟದೆ ಆ ದಿನ ಮುಗಿದರೆ ಆ ಮಾತು ಆಕೆಯ ಹಣೆಯ ಮೇಲೆ ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಗಂಡನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವಳು ಎಂದು ಆಕೆ ಸಾಯುವ ತನಕ, ಸತ್ತ ಮೇಲೂ ಹೇಳುತ್ತಾರೆ. ಮಗ ತಲೆ ತಗ್ಗಿಸಿದ. ಮಗಳು ಅಳಲು ಶುರುಮಾಡಿದಳು.

ಆಕೆ ಎದ್ದಳು.

ನೋಯುವ ಮೊಣಕಾಲು ಹಿಡಿದುಕೊಂಡು, ಹೊಸ್ತಿಲು ದಾಟಿ, ಬರಬಾರದು ಎಂದಿದ್ದ ಅಂಗಳಕ್ಕೆ ಬಂದಳು. ಯಾರೋ ತಡೆಯಲು ಹೋದರು. ಆಕೆಯ ಮುಖ ನೋಡಿ ಕೈ ತೆಗೆದರು. ಆಕೆ ಮಾಳಿಗೆಯ ಮೇಲಿನ ಎಡೆಯನ್ನು ನೋಡಿದಳು. ಮಗನನ್ನು ನೋಡಿದಳು.

"ನಿಮ್ಮಪ್ಪ ಯಾವತ್ತಾದರೂ ಮೊದಲು ಉಂಡಿದ್ದನ್ನು ಕಂಡಿದ್ದೀಯಾ?" ಎಂದು ಕೇಳಿದಳು. "ಇವತ್ತು ಅವರಿಗೇ ಮೊದಲು ಬಡಿಸಿ, ಉಣ್ಣಲಿಲ್ಲ ಉಣ್ಣಲಿಲ್ಲ ಅಂತ ಅಳ್ತಾ ಇದ್ದೀರಲ್ಲೋ."

ಮಗ ಅದನ್ನು ಹುಟ್ಟಿದಾಗಿನಿಂದ ದಿನವೂ ನೋಡಿದ್ದ. ದಿನವೂ ನೋಡಿದ್ದರಿಂದಲೇ ಮರೆತಿದ್ದ.

ಆಗ ಆಕೆ ತಲೆಯೆತ್ತಿ, ಗಂಡ ಕೇಳುತ್ತಿದ್ದ ದನಿಯಲ್ಲೇ, ಗಟ್ಟಿಯಾಗಿ ಕೇಳಿದಳು:

"ಎಲ್ಲರೂ ಕೂತರಾ?"

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳು. ಆಮೇಲೆ ನಡೆದದ್ದನ್ನು ಯಾರೂ ಮಾಡಿಸಲಿಲ್ಲ.

ಬೇಲಿಯ ಆಚೆ ನಿಂತಿದ್ದವರು ಆ ಮಾತು ಕಿವಿಗೆ ಬಿದ್ದ ಕೂಡಲೇ ಕೂತರು. ಯೋಚಿಸಿ ಕೂತದ್ದಲ್ಲ. ಮೊಣಕಾಲು ತಾನಾಗಿ ಮಡಚಿತು. ರಸ್ತೆಯ ದೂಳಿನಲ್ಲಿ, ಸಾಲಾಗಿ, ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಕ್ಕಳಾಗಿದ್ದಾಗ ಕೂತಿದ್ದ ಹಾಗೆಯೇ ಕೂತರು. ಅಂಗಳದಲ್ಲಿ ಅತ್ತಿತ್ತ ಓಡಾಡುತ್ತಿದ್ದ ಊರಿನ ಶಿಷ್ಯರೂ ಹಾಗೆಯೇ ಕೂತರು. ಮಾಳಿಗೆಯ ಮೇಲೆ ಕಾಗೆ ಕರೆಯುತ್ತಿದ್ದವರಲ್ಲಿ ಒಬ್ಬ ಮೇಷ್ಟ್ರ ಕೈಯಲ್ಲಿ ಓದಿದವನು. ಅವನು ಮಾಳಿಗೆಯಿಂದ ಇಳಿದು ಬಂದು ಕೂತ. ಅವನ ಹಿಂದೆ ಉಳಿದವರೂ ಇಳಿದರು. ಬೇಲಿಯ ಒಳಗೆ ಒಂದು ಸಾಲು, ಹೊರಗೆ ಒಂದು ಸಾಲು. ಎರಡೂ ಸಾಲಿನವರು ಒಬ್ಬರನ್ನೊಬ್ಬರು ನೋಡಿದರು. ನಡುವೆ ಬೇಲಿ ಇತ್ತು. ಅದು ಯಾಕೆ ಅಲ್ಲಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಹೊರಗಿನ ಸಾಲಿನಿಂದ ಒಬ್ಬ ಮುದುಕ ಹೇಳಿದ: "ಇಲ್ಲಮ್ಮ. ನೀವು ಕೂತಿಲ್ಲ."

ಮಗ ಹೋಗಿ ಗೇಟು ತೆಗೆದ. ತೆಗೆದರೆ ಸಾಲದು ಎನಿಸಿ, ಕೊಂಡಿಯಿಂದ ಅದನ್ನು ಎತ್ತಿ ಪಕ್ಕಕ್ಕೆ ಒರಗಿಸಿದ. ಹೊರಗಿನವರನ್ನು ಕೈ ಹಿಡಿದು ಒಳಗೆ ಕರೆತಂದ. ಸಾರಿನ ಕೊಳಗವನ್ನು ತಾನೇ ಎಳೆದು ತಂದು ಅಂಗಳದ ನಡುವೆ ಇಟ್ಟ. ಅಡುಗೆಯವರನ್ನೂ ಕೂರಿಸಿದ. ತಾಯಿಯನ್ನು ಕೂರಿಸಿದ. ಕೊನೆಗೆ ತಾನು ಕೂತ.

ಹಿರಿಯ, ಕಾಗೆ ಇನ್ನೂ ಮುಟ್ಟಿಲ್ಲ, ಇದು ಅಪಚಾರ ಎಂದು ಕೂಗಾಡಿ ಎದ್ದು ಹೋದ. ಅವನ ಹಿಂದೆ ಕೆಲವರು ಹೋದರು. ಹೋಗಲಿ. ಯಾರ ಜೊತೆಗೋ ಕೂತು ಉಂಡರೆ ಸಾಯುತ್ತೇವೆ ಎನ್ನುವವರು ಹಸಿದುಕೊಂಡು ಹೋಗುವುದೇ ನ್ಯಾಯ.

ಉಳಿದವರು ಉಂಡರು. ಮುದ್ದೆ ಕಲ್ಲಾಗಿತ್ತು. ಯಾರೋ ಕೊಡಲಿ ತನ್ನಿ ಎಂದರು. ಮೇಷ್ಟ್ರ ಹೆಂಡತಿ ನಕ್ಕಳು. ಎಲ್ಲರೂ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಅವರಲ್ಲಿ ಸಾಹುಕಾರನ ಮಗಳಿದ್ದಳು. ತಲೆ ಪೂರ್ತಿ ನರೆತಿತ್ತು. ಆಕೆ ತನ್ನ ಮುದ್ದೆಯನ್ನು ಮುರಿದು, ಕೇಳದೆಯೇ, ಪಕ್ಕದವನ ಎಲೆಗೆ ಹಾಕಿದಳು. ಅವಳಿಗೆ ಆ ಅಭ್ಯಾಸ ಹೋಗಿರಲಿಲ್ಲ.

ಉಂಡು ಕೈ ತೊಳೆಯಲು ಎದ್ದಾಗ ಮಗಳು ಮಾಳಿಗೆಯ ಕಡೆ ನೋಡಿದಳು. ಎಡೆಯ ಎಲೆ ಖಾಲಿಯಾಗಿತ್ತು. ಕಾಗೆ ಯಾವಾಗ ಬಂತು, ಯಾವಾಗ ತಿಂದಿತು, ಯಾರೂ ನೋಡಿರಲಿಲ್ಲ. ಗುದ್ದಲಿ ಮಾತ್ರ ಅಲ್ಲೇ ಇತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ, ತಾನು ಇಂಥದ್ದನ್ನು ನಂಬುವವನಲ್ಲ, ಆದರೂ ಮೈ ಜುಮ್ಮೆಂದಿತು ಎಂದ. ಕಾಗೆಗೆ ಹೇಗೆ ತಿಳಿಯಿತು ಎಂದು ಕೇಳಿದ.

ಕಾಗೆಗೆ ಏನೂ ತಿಳಿಯಲಿಲ್ಲ ಎಂದರು ಗುರುಗಳು. ಮಾಳಿಗೆಯ ಮೇಲೆ ಜನ ನಿಂತು ಕೈ ಬೀಸುತ್ತಿದ್ದಷ್ಟು ಹೊತ್ತು ಅದು ಹೆದರಿತ್ತು. ಎಲ್ಲರೂ ಇಳಿದು ಬಂದು ಕೂತ ಮೇಲೆ ಬಂದು ತಿಂದಿತು. ಕಾಗೆ ಕಾಗೆಯೇ. ಮೈ ಜುಮ್ಮೆನ್ನಬೇಕಾದದ್ದು ಕಾಗೆಯನ್ನು ನೆನೆದಲ್ಲ, ದೂಳಿನಲ್ಲಿ ತಾವಾಗಿ ಮಡಚಿದ ಆ ಮೊಣಕಾಲುಗಳನ್ನು ನೆನೆದು.

"ನೀವು ಅಲ್ಲಿದ್ದಿರಾ?" ಎಂದು ಶಿಷ್ಯ ಕೇಳಿದ.

"ಬೇಲಿಯ ಆಚೆ ಇದ್ದೆ," ಎಂದರು ಗುರುಗಳು. "ಅದಕ್ಕೂ ಮುಂಚೆ ಗೋಡೆಯ ಹಿಂದೆ ಇದ್ದೆ. ನಾನು ಹಳ್ಳದ ನೀರು ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದವನು."

ಶಿಷ್ಯ ಎದ್ದು ನಿಂತ. ಸಂಜೆಯ ಸಭೆಯಲ್ಲಿ ಇದನ್ನೇ ಹೇಳುತ್ತೇನೆ, ಚಿಕ್ಕರಂಗಯ್ಯ ಮೇಷ್ಟ್ರು ಯಾರಿಗಾಗಿ ಕಾದಿದ್ದರು ಎಂದು ಅವರ ಮನೆಯವರನ್ನೇ ಕೇಳಿ ತಿಳಿದು ಹೇಳುತ್ತೇನೆ ಎಂದ. ಗುರುಗಳ ಪಾದ ಮುಟ್ಟಲು ಬಾಗಿದ.

ಗುರುಗಳು ಕಾಲು ಹಿಂದಕ್ಕೆ ತೆಗೆದುಕೊಂಡು ಕೇಳಿದರು:

"ನಿನ್ನ ಮನೆಯಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ?"